ಕೊಲಂಬೊಗೆ ಹೋಗಿಬಂದ ಸಲಾಮಿನ ಗಂಟು

೬ ನವೆಂಬರ್ ೧೯೬೦, ಸಿಂದಗಿ

ಇವತ್ತು ಹೈಸ್ಕೂಲಿನ ಜಯತೀರ್ಥ ಮಾಸ್ತರರು ನಮ್ಮ ಅತ್ತರಿನ ಅಂಗಡಿಗೆ ಬಂದಿದ್ದರು. ಅತ್ತರಿಗೆ ಅಲ್ಲ, ನನ್ನನ್ನು ಕೇಳಲು.

ಎರಡು ವರ್ಷದ ಹಿಂದೆ ಎಂಟನೇ ಇಯತ್ತೆಯಿಂದ ನನ್ನ ಹೆಸರು ತೆಗೆಸಿದಾಗ ಯಾರೂ ಕೇಳಲು ಬರಲಿಲ್ಲ. ಮೀರಾಸಾಬ ಕಾಕಾ ಮಸೀದಿ ಕಟ್ಟೆಯ ಮೇಲೆ ಕುಳಿತು, "ಅಮೀನುದ್ದೀನ, ಮಗಳು ದೊಡ್ಡಾಕಿ ಆದ್ಳು. ಇನ್ನೂ ಚೀಲ ಹೊತಗೊಂಡು ಬಜಾರದಾಗ ಅಡ್ಡಾಡತಾಳಲ್ಲೊ" ಎಂದ. ಮರುದಿನ ಅಬ್ಬಾ ನನ್ನ ಚೀಲವನ್ನು ಅಟ್ಟಕ್ಕೆ ಎಸೆದ. ಅಷ್ಟೇ. ಅಂದಿನಿಂದ ಮನೆಯಲ್ಲಿ ಕುಳಿತು ಊದಿನಕಡ್ಡಿ ಹೊಸೆಯುತ್ತಿದ್ದೇನೆ. ಕೈಯೆಲ್ಲ ಕರಿ, ಬಾಯಿಯೂ ಕರಿ ಎನ್ನುತ್ತಾಳೆ ಮುದುಕಿ. ಮುದುಕಿ ಅಂದರೆ ನನ್ನ ಆಯಿ, ಅಬ್ಬಾನ ತಾಯಿ ರಾಜಬಿ. ನನ್ನ ಅವ್ವ ತೀರಿಹೋದ ಮೇಲೆ ಈಕೆಯೇ ನನ್ನನ್ನು ಬೆಳೆಸಿದ್ದು. ಬೆಳೆಸಿದ್ದಲ್ಲ, ಕಾವಲು ಕಾದದ್ದು.

ನಾನು ಬಾಗಿಲ ಹಿಂದೆ ನಿಂತು ಕೇಳಿದೆ.

"ಅಮೀನುದ್ದೀನಸಾಬ, ಜನವರಿಯಾಗ ಸಿಲೋನಿನ್ಯಾಗ ಹೈಸ್ಕೂಲ ಮಕ್ಕಳ ಕಲಾ ಉತ್ಸವ ಐತ್ರಿ. ಏಳೆಂಟು ದೇಶದವರು ಬರ್ತಾರ. ನಮ್ಮ ಸಾಲಿ ನಾಟಕ ಆರಿಸ್ಯಾರ. ಆದ್ರ ಹೆಣ್ಣಿನ ಪಾತ್ರ ಹೆಣ್ಣಮಕ್ಕಳ ಮಾಡಬೇಕಂತ ಬರದಾರ."

"ನಿಮ್ಮ ಸಾಲ್ಯಾಗ ಹೆಣ್ಣಮಕ್ಕಳಿಲ್ಲೇನ್ರಿ?"

"ಅದಾರ್ರಿ. ಅವರ ಅಪ್ಪಂದಿರೂ ಅದಾರ. ನನ್ನ ಮಗಳು ರಂಗೂನ ಕರಕೊಂಡ ಹೊಂಟೇನಿ. ಆಕಿ ಸ್ಟೇಜ ಮ್ಯಾಲೆ ನಿಂತ್ರ ಗೋಡಿಗೆ ತೂಗು ಹಾಕಿದ ಕ್ಯಾಲೆಂಡರ ಇದ್ದಂಗ ಇರತಾಳ. ನಿಮ್ಮ ಸಗೀರಾ ಅವತ್ತ ಸಾಲಿ ನೋಡಾಕ ಬಂದ ಇನ್ಸ್‌ಪೆಕ್ಟರ್ ಸಾಹೇಬರಿಗೆ 'ನೀವ ಲೆಕ್ಕಾ ತಪ್ಪ ಬರದೀರಿ' ಅಂತ ಒದರಿದ್ಲಲ್ಲ, ಆ ದನಿ ಬೇಕು ನನಗ."

ಅಬ್ಬಾ "ಆಗಂಗಿಲ್ರಿ" ಎಂದ. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಒಳಗಿನಿಂದ ಮುದುಕಿ ಕೇಳಿದಳು:

"ಮಾಸ್ತರ, ಬಾಬಾ ಆದಮ್ ಸ್ವರ್ಗದಿಂದ ಇಳದ ಗುಡ್ಡ ಇರೂದು ಸಿಲೋನಿನ್ಯಾಗ ಹೌದಲ್ರಿ? ಪಾದ ಮೂಡೇತಂತಲ್ಲ?"

ಮಾಸ್ತರರು, "ಹೌದ್ರಿ ಅಮ್ಮಾ, ಹಂಗಂತಾರ" ಎಂದರು.

"ಹಂಗಾರ ನಾನೂ ಬರ್ತೇನಿ."

೭ ನವೆಂಬರ್

ಒಪ್ಪಂದ ಹೀಗಾಗಿದೆ. ಮುದುಕಿ ಬಾಬಾ ಆದಮರ ಜಿಯಾರತ್ತಿಗೆ, ಅಂದರೆ ಆ ಪಾದದ ದರ್ಶನಕ್ಕೆ, ಹೋಗುತ್ತಾಳೆ, ನಾನು ಆಕೆಯ ಕೈ ಹಿಡಿದುಕೊಂಡು ಹೋಗುತ್ತೇನೆ. ಅಬ್ಬಾ ಮಸೀದಿಯಲ್ಲಿ ಹಾಗೆಯೇ ಹೇಳಿ ಬಂದ. ಸಾಲಿಯವರ ಜೊತೆ ಹೋಗಬೇಕಾದರೆ ಹಾಜರಿ ಪಟದಲ್ಲಿ ಹೆಸರು ಇರಬೇಕು, ಅದಕ್ಕೇ ಮತ್ತೆ ಹೆಸರು ಹಚ್ಚಿಸಿದ್ದು, ಎಂದೂ ಹೇಳಿದ. ನಾಟಕದ ಸುದ್ದಿ ಎತ್ತಲಿಲ್ಲ.

ನನಗೆ ಬೇರೆ ಹೇಳಿದ: "ಯಾರಿಗೂ ಗೊತ್ತಾಗಲಾರದಂಗ ಹೋಗಿ ಬಂದ್ರ ಸಾಲಿ ಮುಂದವರಿತೈತಿ. ಒಬ್ಬರಿಗೆ ಗೊತ್ತಾದ್ರೂ ಬಂದ್."

ಸುಳ್ಳು ಹೇಳಿದ್ದು ಅಬ್ಬಾ. ಅದನ್ನು ಕಾಯಬೇಕಾದವಳು ನಾನು. ಇದು ಯಾವ ನ್ಯಾಯ? ಆದರೆ ಚೀಲ ಅಟ್ಟದಿಂದ ಇಳಿದಿದೆ. ಸಿಟ್ಟು ಬರಬೇಕೋ ಬೇಡವೋ ತಿಳಿಯುತ್ತಿಲ್ಲ.

೧೯ ನವೆಂಬರ್

ತಾಲೀಮು ಮಾಸ್ತರರ ಮನೆಯ ಹಿತ್ತಲಲ್ಲಿ ನಡೆಯುತ್ತದೆ. ನಾಟಕ ಸಣ್ಣದು. ಕೋಟೆಯ ಬಾಗಿಲು ಕಾಯುವವನಿಗೆ ಜ್ವರ, ಅವನ ಮಗಳು ಕಾವಲಿಗೆ ನಿಂತಿದ್ದಾಳೆ. ಬೆಳಗಾಗುವವರೆಗೆ ಯಾರಿಗೂ ಬಾಗಿಲು ತೆಗೆಯಬೇಡ ಎಂದು ರಾಜನೇ ಹುಕುಂ ಮಾಡಿ ಹೋಗಿದ್ದಾನೆ. ಕೊನೆಗೆ ಶತ್ರುಗಳಿಂದ ತಪ್ಪಿಸಿಕೊಂಡು ಬಂದು ಬಾಗಿಲು ಬಡಿಯುವವನೂ ಆ ರಾಜನೇ. ಮಗಳು ಅವನಿಗೂ ತೆಗೆಯುವುದಿಲ್ಲ. ಆ ಮಗಳು ನಾನು. ರಾಜ ಗುರುರಾಜ, ಮಾಮಲೇದಾರ ಕಚೇರಿಯ ಹೆಡ್ ಕ್ಲಾರ್ಕರ ಮಗ, ಹನ್ನೊಂದನೇ ಇಯತ್ತೆ. ನಾನು ಬರುವವರೆಗೆ ಮಗಳ ಪಾತ್ರ ಅವನದೇ ಇತ್ತು. ಆರನೇ ಇಯತ್ತೆಯಿಂದ ಎಲ್ಲ ನಾಟಕದಲ್ಲೂ ನಾಯಕಿ ಅವನೇ.

ಇವತ್ತು ಅವನು ನನಗೆ ಹೆಂಗಸು ನಡೆಯುವುದು ಹೇಗೆಂದು ಕಲಿಸಲು ಬಂದ.

"ಹಂಗಲ್ಲ. ಹೆಜ್ಜಿ ಸಣ್ಣದಿಡು. ನಡಾ ಹಗುರಿರಲಿ. ಎಮ್ಮಿ ಹೊಡಕೊಂಡ ಬಂದಂಗ ಬರಬ್ಯಾಡ."

"ಏ, ನಾ ಹೆಣ್ಣ ಅದೀನಿ! ನೀ ಏನ ಕಲಸತಿ ನನಗ?"

"ಮನ್ಯಾಗ ಹೆಣ್ಣ ಇರಬಹುದು. ಸ್ಟೇಜ ಮ್ಯಾಲೆ ಇನ್ನೂ ಆಗಿಲ್ಲ."

ಹುಡುಗರೆಲ್ಲ ನಕ್ಕರು. ಮಾಸ್ತರರೂ ನಕ್ಕರು. "ಅಂವ ನಡದದ್ದು ಹೆಣ್ಣಮಗಳ ನಡಿಗಿ, ಸಗೀರಾ. ನೀ ನಡದದ್ದು ಊರಗೌಡನ ನಡಿಗಿ" ಎಂದರು. ನಾನು ಕೈಗೆ ಸಿಕ್ಕ ತಂಬಿಗೆ ಎಸೆದೆ. ಗುರುರಾಜನಿಗೆ ತಾಗಲಿಲ್ಲ, ರಂಗೂಳ ಕಾಲಿಗೆ ತಾಗಿತು. ಆಕೆ ಅಳಲಿಲ್ಲ. ಆಕೆ ಏನೂ ಮಾಡುವುದಿಲ್ಲ.

ಮುದುಕಿ ಇದಾವುದನ್ನೂ ನೋಡಲಿಲ್ಲ. ನಾಟಕ ನೋಡುವುದು ಪಾಪವಂತೆ. ಗೋಡೆಯ ಕಡೆ ಮುಖ ಮಾಡಿ ತಸ್ಬಿಯ ಮಣಿ ಎಣಿಸುತ್ತ ಕೂಡುತ್ತಾಳೆ. ನನ್ನ ಕಾವಲಿಗೆ ಬಂದವಳು, ಬೆನ್ನು ಮಾತ್ರ ನನ್ನ ಕಡೆಗೆ.

೪ ಡಿಸೆಂಬರ್, ಬಿಜಾಪುರ

ಪಾಸ್‌ಪೋರ್ಟಿಗೆ ಫೋಟೊ. ಮುದುಕಿ ಸ್ಟುಡಿಯೊದಲ್ಲಿ ಬುರ್ಖಾ ತೆಗೆಯುವುದಿಲ್ಲ ಎಂದು ಕುಳಿತಳು.

"ನನ್ನ ಮುಖಾ ಸರಕಾರಕ್ಕ ಯಾಕ ಬೇಕ?"

"ಅಮ್ಮಾ, ನೀವs ರಾಜಬಿ ಅಂತ ಹ್ಯಾಂಗ ಗೊತ್ತಾಗಬೇಕ್ರಿ?" ಎಂದರು ಮಾಸ್ತರರು.

"ನಾ ಹೇಳತೇನಲ್ಲ."

ಮಧ್ಯಾಹ್ನದವರೆಗೆ ಇದೇ ಆಯಿತು. ಕೊನೆಗೆ ಫೋಟೊ ತೆಗೆಯುವವನನ್ನು "ನೀ ನನ್ನ ಮೊಮ್ಮಗ ಇದ್ದಂಗ" ಎಂದು ಮೂರು ಸಲ ಹೇಳಿ, ಹೌದೆಂದು ಅವನ ಬಾಯಿಂದ ಹೇಳಿಸಿ, ಮುಖ ತೆಗೆದಳು. ಫೋಟೊದಲ್ಲಿ ಕಳ್ಳಿಯ ಹಾಗೆ ಬಂದಿದ್ದಾಳೆ. ನಾನೂ ಹಾಗೆಯೇ ಬಂದಿದ್ದೇನೆ. ಇಬ್ಬರದೂ ಒಂದೇ ಮೂಗು. ಇದುವರೆಗೆ ನನಗೆ ಗೊತ್ತಿರಲಿಲ್ಲ.

೨೮ ಡಿಸೆಂಬರ್

ಖರ್ಚಿಗೆ ಜನ ಕೊಡಲಿ ಎಂದು ಇಂಡಿ, ಮುದ್ದೇಬಿಹಾಳ, ಬಾಗೇವಾಡಿಗಳಲ್ಲಿ ನಾಟಕ ಆಡಿದರು. ಮೂರೂ ಕಡೆ ನನ್ನ ಪಾತ್ರ ಗುರುರಾಜನೇ ಮಾಡಿದ, ಅವನದನ್ನು ಇನ್ನೊಬ್ಬ ಹುಡುಗ. ನಾನು ಮಾಡಿದರೆ ಊರಿಗೆಲ್ಲ ಗೊತ್ತಾಗುತ್ತದಲ್ಲ. ನಾನು ಪರದೆಯ ಹಿಂದೆ ಬುರ್ಖಾದಲ್ಲಿ ಮುದುಕಿಯ ಪಕ್ಕ ಕುಳಿತಿದ್ದೆ.

ಬಾಗೇವಾಡಿಯಲ್ಲಿ ಅವನು "ತೆಗೆಯುವುದಿಲ್ಲ!" ಎಂದಾಗ ಜನ ಸೀಟಿ ಹೊಡೆದರು. ಒಬ್ಬ ಗೌಡ ವೇದಿಕೆಗೆ ಬಂದು ತನ್ನ ತಲೆಯ ಪಟಗ ಬಿಚ್ಚಿ ಅವನ ಹೆಗಲಿಗೆ ಹಾಕಿದ. "ಎಂಥಾ ಹುಡಿಗಿ!" ಎಂದ ಯಾರೋ. ನನ್ನ ಮಾತು, ನನ್ನ ಪಾತ್ರ. ಅಳು ಬರಲಿಲ್ಲ. ಬಂದಿದ್ದರೆ ಚಲೊ ಇತ್ತು.

ಕೊಲಂಬೊದಲ್ಲಿ ಒಂದೇ ಒಂದು ಆಟ. ಅಲ್ಲಿ ನಮ್ಮ ಕಡೆಯವರು ಯಾರೂ ಇರುವುದಿಲ್ಲ. ಈ ಜನ್ಮದಲ್ಲಿ ನಾನು ವೇದಿಕೆಯ ಮೇಲೆ ನಿಲ್ಲುವುದು ಅದೊಂದೇ ಸಲ. ಅದನ್ನು ಯಾರಾದರೂ ಕೆಡಿಸಿದರೆ ಸುಮ್ಮನಿರುವವಳಲ್ಲ ನಾನು.

೧೮ ಜನವರಿ ೧೯೬೧

ದೊಡ್ಡ ಜಿಯಾರತ್ತಿಗೆ ಹೋಗುವವರು ಮನೆಮನೆಗೆ ಹೋಗಿ ಮಾಫಿ ಕೇಳಬೇಕು. ಹೋದವರು ತಿರುಗಿ ಬರುತ್ತಾರೋ ಇಲ್ಲವೋ. ಮುದುಕಿ ನನ್ನನ್ನೂ ಎಳೆದುಕೊಂಡು ಹೋದಳು. ಎಲ್ಲ ಬಾಗಿಲಲ್ಲೂ ಒಂದೇ ಮಾತು: "ಅಂದದ್ದು ಆಡಿದ್ದು ಮಾಫ ಮಾಡ್ರಿ." ಮಾಫ್ ಮಾಡಿದವರು ಸುಮ್ಮನೆ ಕಳಿಸುವುದಿಲ್ಲ. ಬಾಬಾ ಆದಮರಿಗೆ ನಮ್ಮ ಸಲಾಮು ಮುಟ್ಟಿಸು ಎಂದು ಏನಾದರೂ ಕಟ್ಟಿ ಕೊಡುತ್ತಾರೆ. ಚಾಂದಸಾಬ ಊದು ಕೊಟ್ಟ. ಮೀರಾಸಾಬ ಕಾಕಾ ಹಸಿರು ಚಾದರ ಕೊಟ್ಟ, ಜರಿ ಅಂಚಿನದು. ಅವನ ಹತ್ತಿರ ನಾನು ಮಾಫಿ ಕೇಳಲಿಲ್ಲ. ಮುದುಕಿ ಚಿವುಟಿದಳು. ಆದರೂ ಕೇಳಲಿಲ್ಲ.

ಪೀರಬಿ ಚಿಕ್ಕಮ್ಮನ ಮನೆಗೆ ಹೋದಾಗ ಮಾತ್ರ ನನಗೇನೋ ಆಯಿತು. ಮುದುಕಿಯೂ ಆಕೆಯೂ ನಾನು ಹುಟ್ಟುವ ಮೊದಲಿನಿಂದ ಮಾತು ಬಿಟ್ಟವರು. ಯಾವುದೋ ಮದುವೆಯಲ್ಲಿ ಕೂಡಿಸಿದ ಜಾಗದ ಜಗಳ. ಮುದುಕಿ ಹೊಸ್ತಿಲಲ್ಲಿ ನಿಂತು ಕೈ ಜೋಡಿಸಿದಳು. ಪೀರಬಿ ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೆ ಎಂದುಕೊಂಡೆ. ಸಣ್ಣ ಮಕ್ಕಳ ಬಳೆ ತಂದಳು, ಎರಡು, ಅರಿವೆಯಲ್ಲಿ ಸುತ್ತಿ.

"ನನ್ನ ಮಗಳ ಮಡಲಾ ಇನ್ನೂ ತುಂಬಿಲ್ಲ ರಾಜವ್ವ. ಇದನ್ನ ಬಾಬಾರ ಪಾದದಾಗ ಇಟ್ಟ ಬಾ. ನೀನs ಇಡಬೇಕು ಮತ್ತ."

"ಇಡತೇನಿ" ಎಂದಳು ಮುದುಕಿ. ಇಬ್ಬರೂ ಅತ್ತರು.

ಮುದುಕಿ ಖರೇನೇ ಜಿಯಾರತ್ತಿಗೆ ಹೊರಟಿದ್ದಾಳೆ. ಅದು ಆಕೆಗೆ ನೆಪ ಅಲ್ಲ. ಇದು ಇವತ್ತು ತಿಳಿಯಿತು. ಮಾಸ್ತರರಿಗೆ ಗೊತ್ತಿದೆಯೋ ಇಲ್ಲವೋ.

೨೨ ಜನವರಿ, ರೈಲಿನಲ್ಲಿ

ಗದಗ ದಾಟಿತು, ಗುಂತಕಲ್ ದಾಟಿತು. ಮುದುಕಿ ಊರವರ ಸಲಾಮಿನ ಗಂಟನ್ನು ಮಡಿಲಲ್ಲಿಯೇ ಇಟ್ಟುಕೊಂಡಿದ್ದಾಳೆ. ಸಂಡಾಸಕ್ಕೂ ಒಯ್ಯುತ್ತಾಳೆ. ಗುರುರಾಜ ತನ್ನ ಮನೆಯ ಚಕ್ಕುಲಿ ಎಲ್ಲರಿಗೂ ಕೊಟ್ಟ, ನನಗೂ. ತಿಂದೆ. ಅವನ ಮೇಲಿನ ಸಿಟ್ಟು ಬೇರೆ, ಚಕ್ಕುಲಿ ಬೇರೆ.

ಗುಡ್ಡಕ್ಕೆ ಯಾವ ದಿನ ಹೋಗುವುದು ಎಂದು ಮಾಸ್ತರರನ್ನು ಕೇಳಿದೆ. ಅವರು ಕಿಟಕಿಯ ಹೊರಗೆ ನೋಡಿದರು. "ನೋಡೋಣು, ಅಲ್ಲಿ ಹೋದ ಮ್ಯಾಲೆ" ಎಂದರು. ಇವರು ಅದನ್ನು ಒಮ್ಮೆಯೂ ಯೋಚಿಸಿಲ್ಲ. ಒಳಗೊಳಗೇ ಉರಿಯಿತು. ಯಾಕೆ ಉರಿಯಬೇಕು? ಗುಡ್ಡಕ್ಕೆ ಹೋಗದಿದ್ದರೆ ನನಗೇನು?

೨೫ ಜನವರಿ, ಕೊಲಂಬೊ

ಸಮುದ್ರ ನೋಡಿದೆ. ದೊಡ್ಡದು. ಬರೆಯಲು ಬೇರೇನೂ ಹೊಳೆಯುತ್ತಿಲ್ಲ.

ಒಂದು ದೊಡ್ಡ ಸಾಲಿಯಲ್ಲಿ ಇಳಿಸಿದ್ದಾರೆ. ಹುಡುಗಿಯರಿಗೆ ಬೇರೆ ಕೋಣೆ. ಜಪಾನಿನ ಹುಡುಗಿಯರು ಚಾಪೆ ಮಡಿಸುವುದನ್ನು ಮುದುಕಿ ಬಹಳ ಹೊತ್ತು ನೋಡಿ, "ಇವರ ಅತ್ತಿ ಛಲೋ ಕಲಿಸ್ಯಾಳ" ಎಂದಳು. ಇಲ್ಲಿಯ ಮುಸಲ್ಮಾನ ಹುಡುಗಿಯರು ಬಿಳಿ ಅಂಗಿ ಹಾಕಿಕೊಂಡು ಸಾಲಿಗೆ ಹೋಗುತ್ತಾರೆ. ನನಗಿಂತ ದೊಡ್ಡವರು. ಯಾರೂ ಏನೂ ಅನ್ನುವುದಿಲ್ಲವಂತೆ. ಹಾಗಾದರೆ ಮೀರಾಸಾಬ ಕಾಕಾ ಹೇಳಿದ್ದು ಯಾರ ಮಾತು? ದೇವರ ಮಾತಾಗಿದ್ದರೆ ಇಲ್ಲಿಯೂ ಅದೇ ಇರಬೇಕಿತ್ತಲ್ಲ.

೨೭ ಜನವರಿ

ನಮ್ಮ ಆಟ ನಿನ್ನೆ ಆಗಬೇಕಿತ್ತು. ಇನ್ನೊಂದು ದೇಶದವರ ಹಡಗು ತಡವಾಯಿತೆಂದು ಎಲ್ಲವನ್ನೂ ಹಿಂದೆಮುಂದೆ ಮಾಡಿದರು. ಈಗ ನಮ್ಮದು ನಾಳೆ ಶನಿವಾರ ಸಂಜೆ. ರವಿವಾರ ಸಂಜೆಗೆ ನಮ್ಮ ಗಾಡಿ.

ಮುದುಕಿ ಸುಮ್ಮನೆ ಕುಳಿತಿರಲಿಲ್ಲ. ಇಲ್ಲಿ ಅಡುಗೆಮನೆ ನೋಡಿಕೊಳ್ಳುವ ತಮಿಳು ಮುಸಲ್ಮಾನ ಹೆಂಗಸೊಬ್ಬಳಿದ್ದಾಳೆ. ಒಬ್ಬರ ಮಾತು ಒಬ್ಬರಿಗೆ ತಿಳಿಯುವುದಿಲ್ಲ, ಆದರೂ ಇಬ್ಬರೂ ಮೂರು ದಿನದಿಂದ ಕಾಯಿಪಲ್ಲೆ ಹೆಚ್ಚುತ್ತ ಮಾತಾಡುತ್ತಿದ್ದಾರೆ. ಆಕೆಯ ಮನೆಯವರು ನಾಳೆ ಮಧ್ಯಾಹ್ನದ ರೈಲಿಗೆ ಬಾಬಾ ಆದಮರ ಗುಡ್ಡಕ್ಕೆ ಹೊರಟಿದ್ದಾರೆ. ರಾತ್ರಿ ಹತ್ತಿ, ರವಿವಾರ ತಿರುಗಿ ಬರುತ್ತಾರೆ. ನಮ್ಮಿಬ್ಬರನ್ನೂ ಕರೆದಿದ್ದಾಳೆ.

"ಬಾ" ಎಂದಳು ಮುದುಕಿ.

"ನಾಳೆ ನನ್ನ ನಾಟಕ ಐತಿ."

"ಒಬ್ಬಾಕಿ ಹ್ಯಾಂಗ ಹೋಗ್ಲೆ? ಮೆಟ್ಟಲದಾಗ ಮಣಕಾಲ ಹಿಡದ್ರ ಯಾರಿಗೆ ಹೇಳ್ಲಿ? ಯಾವ ಮಾತಿನ್ಯಾಗ ಹೇಳ್ಲಿ?"

"ಹೋಗಬ್ಯಾಡ ಹಂಗಾರ!"

"ಊರ ಸಲಾಮ ತಂದೇನಿ. ನಾ ಹೋಗಲೇಬೇಕವಾ."

ಮಾಸ್ತರರನ್ನು ಕೇಳಿದರೆ "ನಿನ್ನ ಮನಸಿಗೆ ಬಂದಂಗ ಮಾಡು" ಎಂದರು. ಎರಡು ತಿಂಗಳು ಹೀಗೆ ನಿಲ್ಲು, ಹಾಗೆ ತಿರುಗು ಎಂದು ಜೀವ ತಿಂದವರು ಈಗ ನನ್ನ ಮನಸ್ಸು ಕೇಳುತ್ತಾರೆ.

ಗುರುರಾಜ ಬಂದ. "ನೀ ಹೋಗು ಸಗೀರಾ. ನಿನ್ನ ಪಾರ್ಟ ನಾ ಮಾಡ್ತೇನಿ. ಹುಡುಗ ಮಾಡಿದ್ರ ಬಹುಮಾನಕ್ಕ ಹಿಡಿಯಂಗಿಲ್ಲ ಅಷ್ಟs. ಹಿಡೀದಿದ್ರ ಬಿಡ್ಲಿ."

"ನಿನಗ ಅದs ಬೇಕಾಗಿತ್ತು! ಮೊದಲಿಂದೂ ಅದs!"

ಅವನ ಮುಖ ಸಣ್ಣದಾಯಿತು. ಆಗಲಿ.

ನಾನು ಹೋಗುವುದಿಲ್ಲ. ಹೇಳಿಬಿಟ್ಟಿದ್ದೇನೆ. ಆಕೆ ಹೋಗಲಿ. ಗುಡ್ಡ ಆಕೆಯದು, ನಾಟಕ ನನ್ನದು.

೨೮ ಜನವರಿ, ಮಧ್ಯಾಹ್ನ

ಹೋದಳು. ಗಂಟು ಬಗಲಲ್ಲಿ. ನಾನು ಕೋಣೆಯಿಂದ ಹೊರಗೆ ಬರಲಿಲ್ಲ. ಕಿಟಕಿಯಿಂದ ನೋಡಿದೆ. ಕುಂಟುತ್ತ ಹೋದಳು. ಬಲಗಾಲು. ಎಂದಿನಿಂದ ಕುಂಟುತ್ತಾಳೆ ಈಕೆ?

೨೯ ಜನವರಿ

ನಿನ್ನೆಯದನ್ನು ಬರೆಯುತ್ತೇನೆ. ಸರಿಯಾಗಿ ನೆನಪಿಲ್ಲ, ನೆನಪಿದ್ದಷ್ಟು.

ದೊಡ್ಡ ಸಭಾಗೃಹ. ನಮ್ಮ ಊರಿನ ಆಟಗಳ ಹಾಗೆ ಇಬ್ಬರು ಹುಡುಗರು ಪರದೆ ಹಿಡಿದು ನಿಂತರೆ ಅದೇ ಬಾಗಿಲು. ಬೇರೆಯವರು ಮರದ ಗೋಡೆ, ಬಣ್ಣದ ದೀಪ ಎಲ್ಲ ತಂದಿದ್ದರು. ನಾನು ಪರದೆಯ ಮುಂದೆ ಬಂದು ನಿಂತೆ. ಹೆಂಗಸರ ನಡಿಗೆಯಲ್ಲಿ ಬಂದೆನೋ ಗೌಡನ ನಡಿಗೆಯಲ್ಲೋ ಗೊತ್ತಿಲ್ಲ. ಕತ್ತಲಲ್ಲಿ ಸಾವಿರ ಮುಖ. ಹೆದರಿಕೆ ಆಗಲಿಲ್ಲ. ಇದು ನನ್ನ ಜಾಗ ಎನಿಸಿತು.

ಗುರುರಾಜ ಹಾಡುತ್ತ ಬಂದ. ಬಾಗಿಲು ಬಡಿದ. ನಾನು ಒಂದು ಹೆಜ್ಜೆ ಮುಂದೆ ಬಂದು ಮಾತಾಡಬೇಕು. ಬಂದೆ. ಮೂರನೇ ಸಾಲಿನಲ್ಲಿ, ಜಪಾನಿನ ಹುಡುಗಿಯರ ನಡುವೆ, ಮಡಿಲಲ್ಲಿ ಗಂಟು ಇಟ್ಟುಕೊಂಡು ಆಯಿ ಕುಳಿತಿದ್ದಳು. ಮುಖ ಗೋಡೆಯ ಕಡೆಗಲ್ಲ. ನನ್ನ ಕಡೆಗೆ. ಬುರ್ಖಾ ಮೇಲೆತ್ತಿ ನೋಡುತ್ತಿದ್ದಳು.

ಮಾತು ಹೋಯಿತು. ಎಲ್ಲ ಹೋಯಿತು. ರೈಲು ತಪ್ಪಿಸಿಕೊಂಡಳೇ? ಯಾರಾದರೂ ಇಳಿಸಿಬಿಟ್ಟರೇ? ಬಿದ್ದಳೇ? ನಾನು ಬಾಯಿ ತೆರೆದು ನಿಂತಿದ್ದೆ. ಆಗ ಗುರುರಾಜ ತನ್ನ ಹಾಡಿನಲ್ಲಿಲ್ಲದ ಸಾಲೊಂದನ್ನು ತಾನೇ ಕಟ್ಟಿ ಹಾಡಿದ: "ಬೆಳಗಾಗುವ ತನಕ ತೆಗೆಯಬೇಡೆಂದವನು ನಾನೇ ಅಲ್ಲವೇ, ಹೇಳೆ ಹುಡುಗಿ?" ಅದು ನನ್ನ ಮಾತು, ನನಗೇ ಪ್ರಶ್ನೆ ಮಾಡಿ ಕೊಟ್ಟ. ಅದನ್ನು ಹಿಡಿದುಕೊಂಡು ನಡೆದೆ. ಮುಂದಿನದು ತಾನೇ ಬಂತು. ಕೊನೆಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ರಂಗೂ ಹೇಳಿದಳು. ನಾನು ಕೇಳಿಸಿಕೊಳ್ಳಲಿಲ್ಲ. ಬಣ್ಣವನ್ನೂ ತೊಳೆಯದೆ ಕೆಳಗೆ ಓಡಿದೆ.

"ಯಾಕ ಹೋಗ್ಲಿಲ್ಲ ಆಯಿ? ಯಾಕ?"

"ಟೇಸನ್ ತನಕಾ ಹೋಗಿದ್ದೆ. ಗಾಡಿನೂ ಬಂತು. ಆ ಅಡಗಿಮನಿ ಬಾಯಿ ಕೈ ಹಿಡದ ಎಳದ್ಲು. ಹುಡುಗೀನ ಕಣ್ಣಾಗ ಇಟಗೋತೇನಿ ಅಂತ ನಿಮ್ಮಪ್ಪಗ ಹೇಳಿ ಬಂದೇನಿ. ಪರದೇಶದಾಗ ನಿನ್ನ ಬಿಟ್ಟ ಗುಡ್ಡಾ ಹತ್ತಿದ್ರ ಬಾಬಾ ಆದಮ್ ನನಗ ಶಾಬಾಸ್ ಅಂತಾರೇನ?"

"ನಾ ಏನ ಸಣ್ಣ ಕೂಸ?"

"ಅದಕs ಹೆಚ್ಚ ಅಂಜಿಕಿ." ಆಮೇಲೆ, "ಅಲ್ಲ, ಆ ರಾಜಾ ಅಷ್ಟ ಬೇಡಕೊಂಡ್ರೂ ಬಾಗಲಾ ಯಾಕ ತಗೀಲಿಲ್ಲ ನೀ? ಪಾಪ, ಅಂವಗ ಹೊಟ್ಟಿನೂ ಹಸದಿತ್ತು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೈದೆ. ಬಹಳ ಬೈದೆ.

ನಮಗೆ ಬಹುಮಾನ ಬಂದಿದೆ. ಎರಡನೆಯದು. ಇವತ್ತು ಸಂಜೆ ಗಾಡಿ. ಗುಡ್ಡಕ್ಕೆ ಇನ್ನು ಹೊತ್ತಿಲ್ಲ.

೩೦ ಜನವರಿ, ಹಡಗಿನಲ್ಲಿ

ಮಾಸ್ತರರು ನನ್ನನ್ನು ಪಕ್ಕಕ್ಕೆ ಕರೆದರು. "ಊರಾಗ ಗುಡ್ಡಕ್ಕ ಹೋಗಿದ್ವಿ ಅಂದ್ರಾತು. ಯಾರ ನೋಡಾಕ ಬಂದಾರ? ನಿನ್ನ ಸಾಲಿ ಸಲುವಾಗಿ ಹೇಳಾಕತ್ತೇನಿ." ನಮ್ಮ ಸಾಲಿಯಲ್ಲಿ ಸುಳ್ಳು ಹೇಳಿದರೆ ಬೆಂಚಿನ ಮೇಲೆ ನಿಲ್ಲಿಸುವವರು ಇವರೇ.

ಗುರುರಾಜ ಇನ್ನೂ ಮುಂದೆ ಹೋದ. "ಗಂಟ ತಿರುಗಿ ಒಯ್ದ್ರ ಸಿಕ್ಕ ಬೀಳತೀರಿ. ಸಮುದ್ರಕ್ಕ ಹಾಕು. ಈ ನೀರ ಆ ಗುಡ್ಡದ ಬುಡಕs ಹೋಗತೈತಿ. ಪುಣ್ಯೇದ ಕೆಲಸ."

ಆಯಿ ಹಡಗಿನ ತೂಗಾಟಕ್ಕೆ ತಲೆ ಸುತ್ತಿ ಮಲಗಿದ್ದಳು. ಗಂಟು ತೆಗೆದುಕೊಂಡು ಕಟಕಟೆಯ ಹತ್ತಿರ ಹೋದೆ. ಮೇಲೆಯೇ ಪೀರಬಿಯ ಅರಿವೆ. ಹೊರಗಿನಿಂದಲೇ ಎರಡು ಬಳೆ ಕೈಗೆ ಹತ್ತುತ್ತವೆ. ಸಣ್ಣವು. ನನ್ನ ಎರಡು ಬೆರಳೂ ಹಿಡಿಸುವುದಿಲ್ಲ. ಎಸೆಯಲು ಕೈ ಎತ್ತಿದೆ. ತಿರುಗಿ ತಂದು ಆಯಿಯ ತಲೆಯ ಕೆಳಗೆ ಇಟ್ಟೆ. ಯಾಕೆಂದು ಕೇಳಿದರೆ ಗೊತ್ತಿಲ್ಲ. ಗುರುರಾಜ ಕೇಳಿದ. "ಗೊತ್ತಿಲ್ಲ" ಎಂದೆ. "ಮತ್ತ ಆಟದ ಹಿಂದಿನ ದಿನಾ ಅಂದದ್ದು ಮನಸಿಗೆ ಹಚ್ಕೋಬ್ಯಾಡ. ಮಾಫ ಮಾಡು" ಎಂದೂ ಅಂದೆ. ಅವನು ಚಕ್ಕುಲಿ ಡಬ್ಬಿ ಮುಂದೆ ಮಾಡಿದ. ಒಳಗೆ ಬರೀ ಪುಡಿ ಇತ್ತು.

ಆಯಿ ಎದ್ದ ಮೇಲೆ ಕೇಳಿಕೊಂಡೆ. "ಆಯಿ, ಹೋಗಿದ್ದೆ ಅಂತ ಹೇಳು. ಒಂದs ಸಲ. ಇಲ್ಲಂದ್ರ ಮತ್ತ ಊದಿನಕಡ್ಡಿ ನನಗ."

ಆಕೆ ಗಂಟನ್ನು ಮಡಿಲಿಗೆ ಎಳೆದುಕೊಂಡಳು. "ನೋಡೂಣು" ಎಂದಳು.

ಆಯಿ ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ. ಅಂಗಡಿಯಲ್ಲಿ ಅಬ್ಬಾ ಅತ್ತರಿಗೆ ಎಣ್ಣೆ ಬೆರೆಸಿದರೆ ಗಿರಾಕಿಯ ಮುಂದೆಯೇ ಹೇಳಿಬಿಡುವ ಹೆಂಗಸು.

೩ ಫೆಬ್ರುವರಿ, ಸಿಂದಗಿ

ಇವತ್ತು ಶುಕ್ರವಾರ. ಜುಮ್ಮಾ ನಮಾಜು ಬಿಟ್ಟ ಹೊತ್ತಿಗೇ ನಮ್ಮ ಬಸ್ಸು ಬಂತು. ಇಡೀ ಓಣಿ ಬಸ್‌ಸ್ಟ್ಯಾಂಡಿನಲ್ಲಿತ್ತು. ಆಯಿಯ ಕೊರಳಿಗೆ ಹೂವಿನ ಹಾರ ಹಾಕಿದರು. ಗಂಡಸರು ಎದೆಯ ಮೇಲೆ ಕೈ ಇಟ್ಟು ಸಲಾಮು ಮಾಡಿದರು. ಹೆಂಗಸರು ಆಕೆಯ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು, ಬಾಬಾರ ಪಾದ ಮುಟ್ಟಿದ ಕೈ ಎಂದು. ಮನೆಯವರೆಗೆ ಹಾಗೇ ಬಂದರು. ಅಬ್ಬಾನ ಮುಖ ನಾನು ಅಷ್ಟು ಅರಳಿದ್ದನ್ನು ನೋಡಿಯೇ ಇಲ್ಲ. ಮೀರಾಸಾಬ ಕಾಕಾ ಅವನ ಹೆಗಲ ಮೇಲೆ ಕೈ ಹಾಕಿದ್ದ.

ಅಂಗಳದಲ್ಲಿ ಪೀರಬಿ ಜನರನ್ನು ಸರಿಸಿ ಮುಂದೆ ಬಂದಳು. ಹಿಂದೆ ಆಕೆಯ ಮಗಳು, ತಲೆಯ ಮೇಲೆ ಸೆರಗು.

"ಪಾದ ಕಂಡಿ ರಾಜವ್ವ? ನಮ್ಮ ಬಳಿ ಇಟ್ಟಿ?"

ಆಯಿ ಪೀರಬಿಯನ್ನು ನೋಡಲಿಲ್ಲ. ನನ್ನನ್ನು ನೋಡಿದಳು. "ಹೂಂ" ಎಂದಳು. "ಇಟ್ಟ..."

"ಇಟ್ಟಿಲ್ಲ!"

ಒದರಿದವಳು ನಾನು. ಇನ್ಸ್‌ಪೆಕ್ಟರನ ಮುಂದೆ ಒದರಿದ್ದಕ್ಕಿಂತ ಜೋರಾಗಿ. "ಗುಡ್ಡಕ್ಕ ಹೋಗಿಲ್ಲ. ಅವತ್ತ ನನ್ನ ನಾಟಕ ಇತ್ತು. ನಾ ನಾಟಕಾ ಮಾಡಾಕ ಹೋಗಿದ್ದೆ. ಆಯಿ ಹೊಂಟಿದ್ಲು. ನಾ ಜೋಡಿ ಬರಂಗಿಲ್ಲ ಅಂದೆ. ನನ್ನ ಬಿಟ್ಟ ಹೋಗೂದ ಆಗಲಿಲ್ಲ ಆಕಿಗೆ. ಗಂಟ ಹಂಗs ಐತಿ. ಬಳಿ ಅಲ್ಲೇ ಅದಾವ."

ಮೀರಾಸಾಬ ಕಾಕಾ ಅಬ್ಬಾನ ಹೆಗಲಿನಿಂದ ಕೈ ತೆಗೆದ. "ನಾಟಕಾ?" ಎಂದ. ನನ್ನನ್ನು ಕೇಳಲಿಲ್ಲ, ಅಬ್ಬಾನನ್ನು ಕೇಳಿದ. ಅಬ್ಬಾ ನೆಲ ನೋಡಿದ. ಒಬ್ಬೊಬ್ಬರೇ ಹೋದರು. ಆಯಿಯ ಕೊರಳಲ್ಲಿ ಹಾರ ಹಾಗೇ ಇತ್ತು. ತೆಗೆಯಲು ಯಾರಿಗೂ ನೆನಪಾಗಲಿಲ್ಲ. ನಾನು ತೆಗೆದೆ.

೪ ಫೆಬ್ರುವರಿ

ಅಬ್ಬಾ ಮಾತಾಡುತ್ತಿಲ್ಲ. ಸಾಲಿಗೆ ಹೋಗಲಿಲ್ಲ. ಹೋಗು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ.

ಯಾಕೆ ಒದರಿದೆ? ಆಯಿ ಹೇಳುತ್ತಿದ್ದಳಲ್ಲ, ನನ್ನ ಸಲುವಾಗಿಯೇ. ಇನ್ನೊಂದು ಕ್ಷಣ ಸುಮ್ಮನಿದ್ದರೆ ಮುಗಿದಿತ್ತು.

೮ ಫೆಬ್ರುವರಿ

ಆಯಿ ಗಂಟು ಬಿಚ್ಚಿದಳು. ಯಾರದು ಅವರಿಗೆ ತಿರುಗಿ ಕೊಡಬೇಕಂತೆ. ಅಬ್ಬಾ "ಇನ್ನೂ ಎಷ್ಟ ಮರ್ಯಾದಿ ಕಳೀತಿ ಬೇ" ಎಂದ. ಐದು ದಿನದಲ್ಲಿ ಅದೇ ಮೊದಲ ಮಾತು. ಆಯಿ ಕೇಳಲಿಲ್ಲ. ಮಣಕಾಲು ಬಾತಿದೆ, ಅದಕ್ಕೆ ನಾನು ಜೊತೆಗೆ ಹೋದೆ.

ಚಾಂದಸಾಬ ಊದು ತೆಗೆದುಕೊಂಡು, "ನಾಟಕದಾಗ ಹಾಡೂ ಇತ್ತೇನ?" ಎಂದು ಮೆಲ್ಲಗೆ ಕೇಳಿದ. ಅವನ ಹೆಂಡತಿ ಕೆಮ್ಮಿದಳು. ಒಳಗೆ ಹೋದ. ಮೀರಾಸಾಬ ಕಾಕಾ ಹೊರಗೆ ಬರಲೇ ಇಲ್ಲ. ಸೊಸೆಯನ್ನು ಕಳಿಸಿ ಚಾದರ ತರಿಸಿಕೊಂಡ.

ಪೀರಬಿ ನನ್ನನ್ನು ಕಂಡ ಕೂಡಲೇ ಸುರು ಮಾಡಿದಳು. "ಬೆಂಕಿ ಹಚ್ಚ ನಿನ್ನ ನಾಟಕಕ್ಕ! ನನ್ನ ಮಗಳ ಹೊಟ್ಟಿಗಿಂತಾ ನಿನ್ನ ಕುಣತ ಹೆಚ್ಚಾತೇನ?" ಬಾಯಿಗೆ ಬಂದದ್ದೆಲ್ಲ ಬೈದಳು. ನಾನು ಕೇಳಿಸಿಕೊಂಡೆ. ಬೈಯುತ್ತಲೇ ಅತ್ತಳು. ಅಳುತ್ತಲೇ ಅಂದಳು: "ಇಟ್ಟ ಬಂದೇವಿ ಅಂದಿದ್ರ ಈ ನನ್ನ ಹುಚ್ಚಿ ಮಗಳು ವರ್ಷಾನಗಟ್ಟಲೆ ದಾರಿ ನೋಡತಿದ್ಲು. ಹೇಳಿದ್ದ ಛಲೋ ಆತು. ಮುಂದಿನ ಸಲ ಯಾರರೆ ಹೊಂಟ್ರ ಕೊಡ್ತೇನಿ. ನಡೀ, ನನ್ನ ಮುಂದ ನಿಂದ್ರಬ್ಯಾಡ." ಅಷ್ಟು ಹೇಳಿ ಆಯಿಗೆ ಮಣೆ ಹಾಕಿ, ಮಣಕಾಲಿಗೆ ಎಣ್ಣೆ ಕಾಸಿ ತಂದಳು.

ಬೈದಳೋ ಹೊಗಳಿದಳೋ ನನಗೆ ಇನ್ನೂ ಬಗೆಹರಿದಿಲ್ಲ. ಮಾಫ್ ಮಾಡು ಎಂದು ಕೇಳಬೇಕೆಂದು ಹೋಗಿದ್ದೆ. ಕೇಳಿದೆನೋ ಇಲ್ಲವೋ, ಅದೂ ನೆನಪಿಲ್ಲ.

೧೩ ಫೆಬ್ರುವರಿ

ಇವತ್ತು ಬೆಳಿಗ್ಗೆ ಸಾಲಿಯ ಗಂಟೆ ಬಾರಿಸಿದಾಗ ನಾನು ಮಣೆ ಹಾಕಿಕೊಂಡು ಊದಿನಕಡ್ಡಿಗೆ ಕುಳಿತಿದ್ದೆ. ಅಬ್ಬಾ ಅಂಗಡಿಯಿಂದ ತಿರುಗಿ ಬಂದ. "ಚೀಲ ತಗೊ" ಎಂದ.

ಅವನು ಮುಂದೆ, ನಾನು ಹಿಂದೆ. ಹಿತ್ತಲ ಓಣಿಯಿಂದ ಹೋಗುತ್ತಾನೆ ಎಂದುಕೊಂಡೆ. ಬಜಾರದಲ್ಲಿಯೇ ಹೋದ. ಮಸೀದಿ ಕಟ್ಟೆಯ ಮೇಲೆ ಮೀರಾಸಾಬ ಕಾಕಾ ಇದ್ದ. ಅಬ್ಬಾ ಸಲಾಮು ಹೇಳಿದ. ಕಾಕಾ ಮುಖ ತಿರುಗಿಸಿದ. ಅಬ್ಬಾನ ಕೊರಳು ಕೆಂಪಾಯಿತು. ನಡೆಯುವುದನ್ನು ನಿಲ್ಲಿಸಲಿಲ್ಲ. ನನ್ನ ಕಡೆಯೂ ನೋಡಲಿಲ್ಲ.

ಸಾಲಿಯ ಅಂಗಳದಲ್ಲಿ ನಿಂತು ಅಂದ: "ಸುಳ್ಳ ಹೇಳಿ ಕಳಿಸಿದಾಗ ಮಂದಿ ಹಾರಾ ಹಾಕಿದ್ರು. ಖರೇ ಹೇಳಿ ಕಳಿಸಿದ್ರ ಸಲಾಮ ತಗೋವಲ್ರು. ಎರಡರಾಗ ಯಾವದ ತಪ್ಪು ನನಗ ತಿಳೀವಲ್ದು. ಮುಚ್ಚೂದಂತೂ ಇನ್ನ ಏನೂ ಉಳಿದಿಲ್ಲ. ಪರೀಕ್ಷಾ ತನಕಾ ಬಾ. ಮುಂದಿಂದ ಮುಂದ ನೋಡೂಣು."

ಅಷ್ಟು ಹೇಳಿ ಹೊರಟುಹೋದ. ಬಂದ ದಾರಿಯಲ್ಲಿಯೇ, ಬಜಾರದಲ್ಲಿಯೇ.

ನನಗಿಂತ ಎರಡು ವರ್ಷ ಸಣ್ಣ ಮಕ್ಕಳ ನಡುವೆ ಕುಳಿತೆ. ಬೀಜಗಣಿತ ನಡೆದಿತ್ತು. ಮಾಸ್ತರರು ಹಲಗೆಯ ತುಂಬ ಬರೆದರು, ಒರೆಸಿದರು, ಮತ್ತೆ ಬರೆದರು. ಒಂದು ಸಾಲೂ ತಿಳಿಯಲಿಲ್ಲ. ತಪ್ಪು ಬರೆದಿದ್ದಾರೋ ಸರಿ ಬರೆದಿದ್ದಾರೋ ಅದೂ ತಿಳಿಯಲಿಲ್ಲ. ಕೈ ಎತ್ತಿ, "ಸರ, ಮೊದಲಿಂದ ಹೇಳ್ರಿ" ಎಂದೆ. ಸಣ್ಣವರೆಲ್ಲ ತಿರುಗಿ ನೋಡಿ ನಕ್ಕರು. ನಗಲಿ. ಮಾಸ್ತರರು ಹಲಗೆ ಒರೆಸಿ ಮೊದಲಿನಿಂದ ಬರೆಯತೊಡಗಿದರು.